ಕೈ ಬೇಕು, ಮಾತು ಬೇಡ

ವಾಡಿ
12 ಆಗಸ್ಟ್ 2024

ಭೀಮಶ್ಯಾ,

ಕ್ಷೇಮವಾಗಿದ್ದರೆ ನಿನಗೆ ಬರೆಯುತ್ತಿರಲಿಲ್ಲ. ಆದ್ದರಿಂದ ಆ ಸಾಲು ಬಿಡುತ್ತೇನೆ.

ಅವ್ವನ ಮಣ್ಣಿನ ದಿನ ಎಲ್ಲರೆದುರು ನಿನ್ನ ಜೊತೆ ಮಾತು ಬಿಟ್ಟೆ ಎಂದು ಹೇಳಿದ್ದೆ. ಆರು ವರ್ಷ ಹಾಗೆಯೇ ನಡೆದುಕೊಂಡಿದ್ದೇನೆ, ಮುಂದೆಯೂ ನಡೆದುಕೊಳ್ಳುತ್ತೇನೆ. ಆದರೆ ಬಿಟ್ಟದ್ದು ಮಾತು, ಬರಹವಲ್ಲ. ಮೊಬೈಲಿಗೆ ಬರೆದರೆ ನಿನಗಿಂತ ಮೊದಲು ರಮಾಬಾಯಿ ಓದುತ್ತಾಳೆ, ಅವಳಿಗಿಂತ ಮೊದಲು ನಿನ್ನ ಮಕ್ಕಳು. ಹೀಗಾಗಿ ಅಂಚೆ.

ನನ್ನ ಬಲ ಮೊಣಕಾಲು ಮುಗಿದಿದೆ. ಎಡಗಾಲು ಇನ್ನು ಕೆಲವು ವರ್ಷ ತಡೆದೀತು. ಬಲಗಾಲಿನ ಕೀಲು ತೆಗೆದು ಹೊಸದು ಕೂಡಿಸಬೇಕು ಎಂದು ಕಲಬುರಗಿಯ ಡಾಕ್ಟರ್ ಹೇಳಿದ್ದಾರೆ. ರಿಟೈರ್ ಆದವರಿಗೆ ರೈಲ್ವೆಯವರು ಕೊಡುವ ಕಾರ್ಡಿನಲ್ಲಿ ಆಗುತ್ತದೆ, ಹಣದ ಮಾತು ಇಲ್ಲಿಗೇ ಮುಗಿಯಿತು. ಆದರೆ ಅವರದೊಂದು ಶರತ್ತು. ಆಪರೇಷನ್ ಆದ ಮೇಲೆ ಆರು ವಾರ ಹಗಲೂ ರಾತ್ರಿ ಜೊತೆಗಿರುವವರು ಯಾರೆಂದು ಹೆಸರು ಹೇಳಬೇಕು. ನಾನು ಒಬ್ಬಳೇ ಇರುವುದು, ಮದುವೆ ಆಗಿಲ್ಲ ಎಂದೆ. "ಹಂಗಾದ್ರ ತಾರೀಖು ಕೊಡಾಂಗಿಲ್ರಿ ಬಾಯಾರ. ಹೆಸರು ತರ್ರಿ, ತಾರೀಖು ಒಯ್ಯಿರಿ," ಎಂದರು. ಪಕ್ಕದ ಮನೆಯ ಬಷೀರಾ ಊಟ ತರುತ್ತಾಳೆ, ಹೊಲಿಗೆ ಮಿಷಿನ್ ಬಿಟ್ಟು ನಡುನಡುವೆ ಬಂದು ನೋಡಿಯೂ ಹೋಗುತ್ತಾಳೆ. ಆದರೆ ಅವಳಿಗೆ ನನ್ನನ್ನು ಎತ್ತಲಿಕ್ಕಾಗುವುದಿಲ್ಲ.

ನಿನ್ನ ಹೆಸರು ಕೊಡಬೇಕೆಂದಿದ್ದೇನೆ. ಯಾಕೆಂದು ಸ್ಪಷ್ಟವಾಗಿ ಬರೆಯುತ್ತೇನೆ, ಬೇರೆ ಅರ್ಥ ಮಾಡಿಕೊಳ್ಳಬೇಡ.

ಅವ್ವ ಬಚ್ಚಲಲ್ಲಿ ಬಿದ್ದು ಸೊಂಟದ ಚಪ್ಪೆ ಎಲುಬು ಮುರಿದುಕೊಂಡಾಗ ಡಾಕ್ಟರ್ ಆಪರೇಷನ್ ಆಗಲೇಬೇಕು ಎಂದಿದ್ದರು. ಎರಡು ಟೆಂಪೋ ತುಂಬ ಮಂದಿ ನೋಡಲು ಬಂದರು. ಕೊಯ್ಯಿಸಬೇಡ, ಮನೆಗೆ ಒಯ್ದು ಎಣ್ಣೆ ತಿಕ್ಕಿಸು ಎಂದರು. ನಾನು ಡ್ಯೂಟಿ ಮುಗಿಸಿ ಕಲಬುರಗಿಗೆ ಬರುವಷ್ಟರಲ್ಲಿ ನೀನು ಸಹಿ ಹಾಕಿ ಆಕೆಯನ್ನು ಹೊರಗೆ ತಂದಿದ್ದೆ. ಎಂಟು ತಿಂಗಳು ಮಲಗಿ ಸತ್ತಳು. ಅದನ್ನು ನಾನು ಮರೆಯುವುದಿಲ್ಲ.

ಇನ್ನೊಂದನ್ನೂ ಮರೆತಿಲ್ಲ. ಕೊನೆಯ ಸ್ನಾನ ಮಾಡಿಸುವಾಗ ಅವ್ವನ ಬೆನ್ನು ನೋಡಿದೆ. ಎಂಟು ತಿಂಗಳು ಒಂದೇ ಹಾಸಿಗೆಯಲ್ಲಿದ್ದವಳ ಬೆನ್ನಿನ ಮೇಲೆ ಒಂದು ಹುಣ್ಣೂ ಇರಲಿಲ್ಲ. ಹೊರಳಿಸಿದ್ದು, ಒರೆಸಿದ್ದು, ಎತ್ತಿ ಕೂಡಿಸಿದ್ದು ಎಲ್ಲ ನೀನೇ ಎಂದು ಹೆಂಗಸರು ಹೇಳಿದರು.

ನನಗೆ ನಿನ್ನ ಕೈ ಬೇಕು. ನಿನ್ನ ಮಾತು ಬೇಡ, ನಿನ್ನ ತೀರ್ಮಾನವಂತೂ ಬೇಡ. ತೊಗರಿ ರಾಶಿ ಮುಗಿದ ಮೇಲೆ, ಬಿಸಿಲು ಏರುವ ಮೊದಲು, ಫೆಬ್ರುವರಿಯಲ್ಲಿ. ಆಗುತ್ತದೆ ಅಥವಾ ಆಗುವುದಿಲ್ಲ ಎಂದು ಬರೆ.

ಜೈ ಭೀಮ್.
ಅನಸುಬಾಯಿ


ಮುಧೋಳ
ತಾ. ಸೇಡಂ
2 ಸೆಪ್ಟೆಂಬರ್ 2024

ಅಕ್ಕನಿಗೆ ಜೈ ಭೀಮ್.

ನಿನ್ನ ಪತ್ರ ಸಿಕ್ಕಿತು. ಪೋಸ್ಟಿನವನು ನನ್ನ ಕೈಗೇ ಕೊಟ್ಟ. ರಮಾಬಾಯಿ ಯಾರದೆಂದು ಕೇಳಿದಳು, ನಿನ್ನದೆಂದೆ. ಆಕೆ ಕುಳಿತುಬಿಟ್ಟಳು. ಆಪರೇಷನ್ನಿನ ವಿಷಯ ಆಕೆಗೆ ಇನ್ನೂ ಹೇಳಿಲ್ಲ.

ಬರುತ್ತೇನೆ.

ಅವ್ವನ ವಿಷಯ ಬರೆದಿದ್ದೀ. ಅದಕ್ಕೆ ನಾನು ಉತ್ತರ ಬರೆಯುವುದಿಲ್ಲ.

ಕೆಲವು ಕೇಳಬೇಕು. ನಿನ್ನ ಮಂಚ ನೆಲದಿಂದ ಎಷ್ಟು ಎತ್ತರ? ಬಾಗಿಲಿಗೆ ಎಷ್ಟು ಮೆಟ್ಟಿಲು? ಪಾಯಖಾನೆ ಕುಕ್ಕರಗಾಲಿನದೋ ಕುರ್ಚಿಯದೋ? ಬಚ್ಚಲ ಕಲ್ಲು ಪಾಲಿಶಿನದೋ ಒರಟೋ? ಗೋಡೆಗೆ ಹಿಡಿಕೆ ಹೊಡೆದರೆ ಮೊಳೆ ನಿಲ್ಲುತ್ತದೆಯೋ?

ಮತ್ತೊಂದು. ಬೇರೆ ಡಾಕ್ಟರಿಗೂ ತೋರಿಸಿದ್ದೀಯಾ? ಕೊಯ್ಯದೆ ಆಗುವುದಿಲ್ಲವೇ ಎಂದು ಕೇಳಿದ್ದೀಯಾ?

ಆಪರೇಷನ್ ಆದ ಮೇಲೆ ಮುಧೋಳಕ್ಕೇ ಬಾ. ಇಲ್ಲಿ ಮಂದಿ ಇದ್ದಾರೆ.

ಈ ಸಲ ಮಳೆ ಚೆನ್ನಾಗಿದೆ. ತೊಗರಿ ಸೊಂಟದ ಮಟ್ಟಕ್ಕೆ ಬಂದಿದೆ.

ನಿನ್ನ ತಮ್ಮ
ಭೀಮಶ್ಯಾ


ವಾಡಿ
20 ಸೆಪ್ಟೆಂಬರ್ 2024

ಭೀಮಶ್ಯಾ,

ಕೊಯ್ಯದೆ ಆಗುವುದಿಲ್ಲವೇ ಎಂದು ಕೇಳಿದ್ದೀ. ಅವ್ವ ಬಿದ್ದಾಗ ಎರಡು ಟೆಂಪೋದಲ್ಲಿ ಬಂದದ್ದೂ ಅದೇ ಪ್ರಶ್ನೆ. ನೀನು ಬದಲಾಗಿದ್ದೀಯೆಂದು ನಾನು ಎಲ್ಲಿಯೂ ಬರೆದಿರಲಿಲ್ಲ, ಆದ್ದರಿಂದ ಆಶ್ಚರ್ಯವಾಗಲಿಲ್ಲ. ಇಬ್ಬರು ಡಾಕ್ಟರಿಗೆ ತೋರಿಸಿದ್ದೇನೆ. ಕೊಯ್ಯದೆ ಆಗುವುದಿಲ್ಲ. ಈ ಪ್ರಶ್ನೆ ಮತ್ತೆ ಕೇಳಬೇಡ.

ಮುಧೋಳಕ್ಕೆ ಬರುವುದಿಲ್ಲ. ಅಲ್ಲಿ ಮಂದಿ ಇದ್ದಾರೆ ಎನ್ನುವುದೇ ಕಾರಣ.

ಉಳಿದ ಪ್ರಶ್ನೆಗಳು ಒಳ್ಳೆಯವು. ಮಂಚ ನನ್ನ ಮೊಣಕಾಲಿಗಿಂತ ತಗ್ಗು, ಏರಿಸಬೇಕು. ಮೆಟ್ಟಿಲು ಮೂರು, ಹಿಡಿಯಲು ಏನೂ ಇಲ್ಲ. ಪಾಯಖಾನೆ ಕುಕ್ಕರಗಾಲಿನದು. ನೆಲವೆಲ್ಲ ಶಹಾಬಾದ ಕಲ್ಲು, ಇಪ್ಪತ್ತೈದು ವರ್ಷ ನಾನೇ ಒರೆಸಿ ಒರೆಸಿ ಕನ್ನಡಿ ಮಾಡಿದ್ದೇನೆ. ನೀರು ಬಿದ್ದರೆ ಬೆಕ್ಕು ಸಹ ಜಾರುತ್ತದೆ.

ಈಗ ಮುಖ್ಯ ವಿಷಯ. ಎರಡು ಸಲ ಓದು.

ನನಗೆ ಎಚ್ಚರ ತಪ್ಪಿದ್ದರೆ ಡಾಕ್ಟರ್ ಹೇಳಿದಂತೆ ಮಾಡಿಸು. ಕಾಲು ತೆಗೆಯಬೇಕಾಗಿ ಬಂದರೆ ಕಾಲು ಹೋಗಲಿ. ಇನ್ನು ಏಳುವುದಿಲ್ಲ ಎಂದು ಅವರು ಹೇಳಿದ ಮೇಲೆ ಉಸಿರಿನ ಯಂತ್ರದ ಮೇಲೆ ವಾರಗಟ್ಟಲೆ ಇಡಬೇಡ. ಆದರೆ ನನಗೆ ಎಚ್ಚರವಿದ್ದರೆ ನನ್ನನ್ನೇ ಕೇಳಬೇಕು. ಜ್ವರವಿರಲಿ, ನೋವಿರಲಿ, ನಾನು ಅಳುತ್ತಲೇ ಇರಲಿ. ನೀನು ಯಾವ ಕಾಗದಕ್ಕೂ ಸಹಿ ಹಾಕಬಾರದು. ಇದಕ್ಕೆ ಒಪ್ಪಿಗೆ ಇದ್ದರೆ ಮಾತ್ರ ನಿನ್ನ ಹೆಸರು ಕೊಡುತ್ತೇನೆ.

ನೋಡಲು ಬರುವವರ ವಿಷಯ. ನಮ್ಮವರಲ್ಲಿ ಆಪರೇಷನ್ ಎಂದರೆ ಬ್ರೆಡ್ಡು, ಎಳನೀರು ಹಿಡಿದು ಊರೇ ಬರುತ್ತದೆ. ಬಾರದಿದ್ದವರ ಹೆಸರು ಹತ್ತು ವರ್ಷ ನೆನಪಿಡುತ್ತಾರೆ. ಬಂದವರು ಮಂಚದ ಮೇಲೆ ಕೂರುತ್ತಾರೆ, ಗಾಯ ಬಿಚ್ಚಿ ನೋಡುತ್ತಾರೆ, ಗಾಯ ನೋಡದೆ ಹೋದರೆ ಬಂದ ಹಾಗೆಯೇ ಅಲ್ಲ. ಹೊಸ ಕೀಲಿಗೆ ಸೋಂಕು ತಗುಲಿದರೆ ಮತ್ತೆ ಎಲ್ಲ ತೆರೆಯಬೇಕಾಗುತ್ತದೆ ಎಂದು ಡಾಕ್ಟರ್ ಹೆದರಿಸಿದ್ದಾರೆ. ಅದಕ್ಕೆ ಒಂದು ಸುಳ್ಳು ಗೊತ್ತುಮಾಡಿದ್ದೇನೆ. ರೈಲ್ವೆ ಪಾಸಿನ ಮೇಲೆ ನಾನು ಬುದ್ಧಗಯೆಗೆ ಹೋಗುತ್ತೇನೆ, ಬರುವುದು ತಡವಾಗುತ್ತದೆ. ರಮಾಬಾಯಿಗೂ ಅಷ್ಟೇ ಹೇಳು. ನೀನು ನನ್ನ ಮನೆ ಕಾಯಲು ಬರುತ್ತಿದ್ದೀ.

ಅನಸುಬಾಯಿ


ವಾಡಿ
24 ಅಕ್ಟೋಬರ್ 2024

ಭೀಮಶ್ಯಾ,

ಒಂದು ತಿಂಗಳ ಮೇಲಾಯಿತು, ಉತ್ತರವಿಲ್ಲ. ಸಹಿಯ ಶರತ್ತು ಕಷ್ಟವೆನಿಸಿದ್ದರೆ ಹಾಗೆಂದು ಬರೆ. ಸುಮ್ಮನಿರುವುದೂ ಒಂದು ತೀರ್ಮಾನವೇ, ಅದು ನಿನ್ನ ಹಳೆಯ ರೀತಿ.

ನೀನು ಬಾರದಿದ್ದರೂ ನಾನು ಇದನ್ನು ಮಾಡಿಸಿಕೊಳ್ಳುತ್ತೇನೆ. ಹ್ಯಾಗೆ ಎಂದು ಇನ್ನೂ ಗೊತ್ತಿಲ್ಲ. ಆದರೆ ಕೂತಲ್ಲಿ ಕೂತು ಮುದುಕಿಯಾಗಲು ನಾನು ಒಪ್ಪಿಲ್ಲ.

ಅನಸುಬಾಯಿ


ಮುಧೋಳ
11 ನವೆಂಬರ್ 2024

ಅಕ್ಕನಿಗೆ ಜೈ ಭೀಮ್.

ತಡವಾಯಿತು. ತೊಗರಿ ಹೂವಿನಲ್ಲಿತ್ತು, ಔಷಧ ಹೊಡೆಯುವುದಿತ್ತು. ಬೇರೆ ಓಡಾಟವೂ ಇತ್ತು.

ನಿನ್ನ ಶರತ್ತು ಒಪ್ಪಿದೆ. ಎರಡು ಸಲ ಓದು ಎಂದಿದ್ದೀ. ಎರಡಕ್ಕಿಂತ ಹೆಚ್ಚು ಸಲ ಓದಿದೆ.

ಬುದ್ಧಗಯೆಯ ಕೆಲಸ ಕೆಟ್ಟಿತು. ನೀನು ಹೇಳಿದಂತೆಯೇ ರಮಾಬಾಯಿಗೆ ಹೇಳಿದೆ. ಆಕೆ ವಿಹಾರಕ್ಕೆ ಹೋದಾಗ ಹೆಂಗಸರಿಗೆ ಹೇಳಿದಳು. ಮರುದಿನ ಏಳು ಜನ ಬಂದರು, ಅಕ್ಕನ ಕೂಡ ನಾವೂ ಹೋಗುತ್ತೇವೆ ಎಂದು. ಒಬ್ಬಾಕೆ ಸೇಡಂಗೆ ಹೋಗಿ ಹೊಸ ಸ್ವೆಟರ್ ತಂದಳು, ಅಲ್ಲಿ ಥಂಡಿ ಭಾಳ ಅಂತೆ. ಭಂಕೂರದ ಚಿಕ್ಕವ್ವನಿಗೂ ಸುದ್ದಿ ಮುಟ್ಟಿದೆ. ಆಕೆ ಫೋನ್ ಮಾಡಿದ್ದಳು. "ನಿಮ್ಮವ್ವ ನೋಡ್ಲಾರದ್ದು ನಾನರೆ ನೋಡ್ತೀನಿ. ಅನಸೂಗ ಹೇಳು, ಕೆಳಗಿನ ಸೀಟು ಇಡಂತ ಹೇಳು, ನನಗ ಮ್ಯಾಲ ಹತ್ತಾಕ ಆಗಾಂಗಿಲ್ಲ." ನಾನು ಫೋನು ಇನ್ನೊಂದು ಕಿವಿಗೆ ಹಿಡಿದೆ. "ಯಾಕ ಹೂಂ ಅನ್ನವಲ್ಲಿ? ಆಕಿ ಒಬ್ಬಾಕೀಗೇ ಏನು ಬುದ್ಧ?" ಎಂದಳು.

ಒಂದು ವಾರ ತಡೆದೆ. ಸ್ವೆಟರಿನಾಕೆ ದಿನಾ ಬಂದು ಗಾಡಿ ಯಾವ ದಿನ ಎಂದು ಕೇಳುತ್ತಿದ್ದಳು. ಆಕೆಯ ಮುಖ ನೋಡಿ ನನ್ನಿಂದ ಆಗಲಿಲ್ಲ. ಖರೆ ಹೇಳಿಬಿಟ್ಟೆ. ಈಗ ಎಲ್ಲರಿಗೂ ಗೊತ್ತು.

ಬೈಯುವುದಿದ್ದರೆ ಬರೆ.

ಭೀಮಶ್ಯಾ


ವಾಡಿ
19 ನವೆಂಬರ್ 2024

ಭೀಮಶ್ಯಾ,

ಬೈದು ನಾಲ್ಕು ಪುಟ ಬರೆದಿದ್ದೆ. ಹರಿದು ಹಾಕಿದೆ. ಕಾರಣ ಇಷ್ಟು.

ನಿನ್ನೆ ಕಲಬುರಗಿಗೆ ತಾರೀಖು ಕೇಳಲು ಹೋಗಿದ್ದೆ. ಕಾಲಿನ ಕಸರತ್ತು ಕಲಿಸುವ ಹುಡುಗಿ, ಶ್ರುತಿ ಎಂದು, ನನ್ನ ಹೆಸರು ನೋಡಿ ನಕ್ಕಳು. "ನಿಮ್ಮ ತಮ್ಮಾರು ಬಂದಿದ್ರಲ್ರಿ ಹಿಂದಿನ ತಿಂಗಳ. ಎರಡು ಸಲ ಬಂದ್ರು. ಹ್ಯಾಂಗ ಎತ್ತಬೇಕು, ಹ್ಯಾಂಗ ಹೊರಳಿಸಬೇಕು, ನನ್ನ ಮ್ಯಾಲೇ ಮಾಡಿ ತೋರಿಸು ಅಂದ್ರು. ನಾನು ಎಪ್ಪತ್ತು ಕಿಲೋದ ವಾರ್ಡ್‌ಬಾಯ್‌ನ ಮಲಗಿಸಿ ಕಲಿಸೀನಿ," ಎಂದಳು. ಕೊಯ್ಯುವುದು ಯಾಕೆ ಬೇಕು ಎಂದು ಡಾಕ್ಟರನ್ನೂ ಕೇಳಿ, ಅವರು ಎಕ್ಸ್‌ರೇ ತೋರಿಸಿ ಹೇಳುವವರೆಗೆ ಕುಳಿತಿದ್ದೆಯಂತೆ.

ಬೇರೆ ಓಡಾಟ ಎಂದು ಬರೆದಿದ್ದೀ. ನಾನೂ ಹೆಚ್ಚು ಬರೆಯುವುದಿಲ್ಲ.

ತಾರೀಖು ಫೆಬ್ರುವರಿ ಹತ್ತು. ನಿನ್ನ ಹೆಸರು ಕೊಟ್ಟಿದ್ದೇನೆ.

ಖರೆ ಹೊರಬಿದ್ದಿದೆಯಲ್ಲ, ಇನ್ನು ಬಾಗಿಲು ಕಾಯುವ ಕೆಲಸ ನಿನ್ನದು. ಹೊಲಿಗೆ ಬಿಚ್ಚುವವರೆಗೆ ಯಾರೂ ಒಳಗೆ ಬರಕೂಡದು. ದೊಡ್ಡವರು, ಸಣ್ಣವರು, ಕಾಲಿಗೆ ಬೀಳಬೇಕಾದವರು, ಯಾರೂ. ಬ್ರೆಡ್ಡು ತಂದರೆ ಅಲ್ಲಿಯೇ ಇಸಿದುಕೊಂಡು ಬಷೀರಾಳ ಮನೆಗೆ ಕೊಡು. ಕಟ್ಟೆಯ ಮೇಲೆ ಕೂಡ್ರಿಸು, ಚಹಾ ಮಾಡಿಕೊಡು, ಕಳಿಸು. ಸಿಟ್ಟು ಬಂದರೆ ನನ್ನ ಮೇಲೆ ಹಾಕು. ಆರು ವರ್ಷದಿಂದ ಕೆಟ್ಟವಳೇ ಆಗಿದ್ದೇನೆ, ಭಾರವೇನಿಲ್ಲ.

ಅನಸುಬಾಯಿ


ಮುಧೋಳ
23 ಜನವರಿ 2025

ಅಕ್ಕನಿಗೆ ಜೈ ಭೀಮ್.

ರಾಶಿ ಮುಗಿಯಿತು. ಇಳುವರಿ ಪರವಾಗಿಲ್ಲ.

ಫೆಬ್ರುವರಿ ಮೂರಕ್ಕೆ ಬರುತ್ತೇನೆ. ಸೇಡಂನ ಬಡಿಗನ ಕಡೆಯಿಂದ ನಡುವೆ ತೂತು ಇರುವ ಕುರ್ಚಿ ಮಾಡಿಸಿದ್ದೇನೆ, ಪಾಯಖಾನೆಯ ಮೇಲೆ ಇಡಲು. ಮಂಚದ ಕಾಲಿನ ಕೆಳಗೆ ಇಡಲು ನಾಲ್ಕು ಕಟ್ಟಿಗೆ ತುಂಡು ತಂದಿದ್ದೇನೆ. ಮೆಟ್ಟಿಲಿಗೆ ಪೈಪು. ಕಲ್ಲು ಕಡಿದು ಟಾಕಿ ಹಾಕುವ ಚಾಣವೂ ಇದೆ, ಬಚ್ಚಲ ಕಲ್ಲು ಒರಟು ಮಾಡುತ್ತೇನೆ. ನಿನ್ನ ಕನ್ನಡಿ ಹೋಗುತ್ತದೆ, ಬೇಜಾರಾಗಬೇಡ.

ಚಿಕ್ಕವ್ವನಿಗೆ ಹೇಳಿದ್ದೇನೆ, ಯುಗಾದಿ ಆಗುವವರೆಗೆ ಬರಬೇಡ ಎಂದು. "ನನ್ನ ಅಕ್ಕನ ಮಗಳ ನೋಡ್ಲಿಕ್ಕ ನಿನ್ನ ಪರ್ಮಿಷನ್ ಏನು? ನೀ ಯಾವಾಗಿಂದ ಕಲೆಕ್ಟರ್ ಆದಿ?" ಎಂದಳು. ಆಮೇಲೆ ಅತ್ತಳು. ಆಮೇಲೆ ಒಪ್ಪಿದಳು.

ಒಂದು ಕೇಳುವುದು ಉಳಿದಿದೆ. ಮನೆಯಲ್ಲಿ ಇರುವಾಗಲೂ ಮಾತು ಇಲ್ಲವೇ?

ಭೀಮಶ್ಯಾ


ವಾಡಿ
29 ಜನವರಿ 2025

ಭೀಮಶ್ಯಾ,

ಇಲ್ಲ. ಹೇಳುವುದಿದ್ದರೆ ಬಷೀರಾಗೆ ಹೇಳುತ್ತೇನೆ, ಅವಳು ಇಲ್ಲದಾಗ ಬರೆಯುತ್ತೇನೆ.

ಕಲ್ಲು ಒರಟು ಮಾಡು.

ಅನಸುಬಾಯಿ


ವಾಡಿ, ಒಳಗಿನ ಕೋಣೆಯಿಂದ
18 ಫೆಬ್ರುವರಿ 2025

ಭೀಮಶ್ಯಾ,

ನೀನು ಪಡಸಾಲೆಯಲ್ಲಿ ಮಲಗಿದ್ದೀ, ಗೊರಕೆ ಇಲ್ಲಿಯವರೆಗೆ ಕೇಳುತ್ತಿದೆ. ಮಧ್ಯಾಹ್ನವಾದರೂ ಮಲಗಿದ್ದಕ್ಕೆ ಬರೆಯುತ್ತಿಲ್ಲ, ಮಲಗು. ಹತ್ತನೇ ತಾರೀಖಿನಿಂದ ನೀನು ಕೂತದ್ದನ್ನು ನಾನು ನೋಡಿದ್ದು ಕಡಿಮೆ.

ಮನೆಗೆ ಬಂದು ಮೂರು ದಿನವಾಯಿತು. ಹೇಳಬೇಕಾದದ್ದು ಇಷ್ಟು. ಎತ್ತುವಾಗ ನಿನ್ನ ಕೈ ಎಲ್ಲಿರಬೇಕೋ ಅಲ್ಲಿಯೇ ಇರುತ್ತದೆ. ಕಸರತ್ತಿನ ಹೊತ್ತಿಗೆ ನೀನು ಎಣಿಸಬೇಕು, ಆದರೆ ಮಾತಿಲ್ಲವಲ್ಲ, ಮಂಚದ ಪಟ್ಟಿಯ ಮೇಲೆ ಬೆರಳಿನಿಂದ ಬಡಿಯುತ್ತೀ. ಅದು ಸಾಕಾಗುತ್ತದೆ. ನಿನ್ನೆ ಕಾಲು ಬಾಗಿಸುವಾಗ ನಾನು ಕೂಗಿದೆ. ನೀನು ಮುಖ ಗೋಡೆಗೆ ತಿರುಗಿಸಿದೆ, ಆದರೆ ಕೈ ಬಿಡಲಿಲ್ಲ. ಹಾಗೆಯೇ ಇರಲಿ. ನಾನು ಕೂಗಿದರೂ ಬಿಡಬೇಡ. ಬಾಗದಿದ್ದರೆ ಈ ಕಾಲು ಕಟ್ಟಿಗೆಯಾಗುತ್ತದೆ.

ಬಷೀರಾ ಇವತ್ತು ಏನೆಂದಳು ಗೊತ್ತೇ. "ನಿಮ್ಮಿಬ್ಬರ ನಡುವ ನಾನು ಟೆಲಿಫೋನ್ ಎಕ್ಸ್‌ಚೇಂಜ್ ಆಗೀನಿ. ಪಗಾರರೆ ಕೊಡ್ರಿ. ಅಣ್ಣ ಅಕ್ಕಗ ಉಪ್ಪು ಬೇಕೇನು ಕೇಳು ಅಂತಾನ, ಅಕ್ಕ ಆಕಡೆ ಮುಖ ಮಾಡಿ ಬ್ಯಾಡ ಅಂತ ಹೇಳು ಅಂತಾಳ. ಯಾ ಅಲ್ಲಾ, ನಡುವ ಒಂದು ಗೋಡೆನೂ ಇಲ್ಲ." ನಾನು ನಗಲಿಲ್ಲ. ಅವಳು ಹೋದ ಮೇಲೆ ನೀನು ನಕ್ಕದ್ದು ಕೇಳಿಸಿತು.

ಸಾರಿಗೆ ಉಪ್ಪು ಬೇಕಿತ್ತು.

ಅನಸುಬಾಯಿ


ವಾಡಿ, ಪಡಸಾಲೆಯಿಂದ
20 ಫೆಬ್ರುವರಿ 2025

ಅಕ್ಕನಿಗೆ.

ನೀನು ಮಲಗಿದ್ದೀ, ಎಬ್ಬಿಸುವುದಿಲ್ಲ. ಮುಧೋಳದಿಂದ ಕರೆ ಬಂದಿದೆ. ರಮಾಬಾಯಿಗೆ ಜ್ವರ, ಮಕ್ಕಳಿಗೆ ಏನೂ ತಿಳಿಯುತ್ತಿಲ್ಲ. ಬೆಳಗಿನ ಗಾಡಿಗೆ ಹೋಗಿ ಆಕೆಯನ್ನು ಸೇಡಂಗೆ ತೋರಿಸಿ ನಾಳೆ ಮಧ್ಯಾಹ್ನಕ್ಕೆ ಬರುತ್ತೇನೆ. ಬಷೀರಾ ಇಲ್ಲಿಯೇ ಮಲಗುತ್ತಾಳೆ. ಮಿಷಿನ್ ಕೂಡ ನಿನ್ನ ಮನೆಗೆ ತಂದುಕೊಂಡು ಹೊಲಿಯುತ್ತೇನೆ ಎಂದಿದ್ದಾಳೆ. ಆಕೆ ಹಿಡಿಯದೆ ಎದ್ದು ನಿಲ್ಲಬೇಡ. ಹೊಲಿಗೆ ಬಿಚ್ಚಲು ಇನ್ನು ನಾಲ್ಕೇ ದಿನ, ಯಾರು ಬಂದರೂ ಒಳಗೆ ಬಿಡಬೇಡ ಎಂದು ಆಕೆಗೆ ಹೇಳಿದ್ದೇನೆ.

ಉಪ್ಪಿನ ಡಬ್ಬಿ ನಿನ್ನ ತಲೆದಿಂಬಿನ ಹತ್ತಿರ ಇಟ್ಟಿದ್ದೇನೆ.

ಭೀಮಶ್ಯಾ


ವಾಡಿ, ಒಳಗಿನ ಕೋಣೆಯಿಂದ
22 ಫೆಬ್ರುವರಿ 2025

ಭೀಮಶ್ಯಾ,

ನೀನು ಬಂದಾಗಿನಿಂದ ನನ್ನ ಮುಖ ನೋಡುತ್ತಿದ್ದೀ. ಏನೂ ಆಗಿಲ್ಲ. ನಿನ್ನೆ ಮೊನ್ನೆ ಎಲ್ಲ ಸರಿಯಾಗಿ ನಡೆಯಿತು, ಬಷೀರಾ ಚೆನ್ನಾಗಿ ನೋಡಿಕೊಂಡಳು. ಇವತ್ತು ಕಸರತ್ತು ಬೇಡ ಎಂದದ್ದು ನಿದ್ದೆ ಇಲ್ಲದ್ದಕ್ಕೆ, ಬೇರೆ ಏನಿಲ್ಲ. ಪಟ್ಟಿ ಬಿಗಿ ಇದೆ, ಆದ್ದರಿಂದ ಕಾಲು ಸ್ವಲ್ಪ ಬಿಸಿ. ಸೋಮವಾರ ಹೊಲಿಗೆ ಬಿಚ್ಚಲು ಹೋಗುತ್ತೇವಲ್ಲ, ಅಲ್ಲಿಯವರೆಗೆ ಅದನ್ನು ಬಿಚ್ಚುವುದು ಬೇಡ.

ರಮಾಬಾಯಿಯ ಜ್ವರ ಇಳಿಯಿತೇ? ಅದನ್ನು ನೀನು ಹೇಳಲೇ ಇಲ್ಲ. ಬಷೀರಾಗಾದರೂ ಹೇಳಬಹುದಿತ್ತು.

ಅನಸುಬಾಯಿ


ಕಲಬುರಗಿ, ಹೆಂಗಸರ ವಾರ್ಡಿನ ಹೊರಗಿನ ಬೆಂಚು
24 ಫೆಬ್ರುವರಿ 2025

ಅಕ್ಕನಿಗೆ.

ನಾಲ್ಕು ಗಂಟೆಯವರೆಗೆ ಗಂಡಸರನ್ನು ಒಳಗೆ ಬಿಡುವುದಿಲ್ಲ ಅಂತೆ. ಸಿಸ್ಟರ್ ಕೈಯಲ್ಲಿ ಕಳಿಸುತ್ತಿದ್ದೇನೆ. ನಿದ್ದೆ ಬಂದಿದ್ದರೆ ಎಬ್ಬಿಸಿರಿ ಎಂದು ಹೇಳಿದ್ದೇನೆ.

ನಿನ್ನೆ ಸಂಜೆ ನಿನ್ನ ಹಣೆ ಮುಟ್ಟಿದಾಗ ಕೆಂಡದಂತಿತ್ತು. ನೀನು ಬೇಡ ಎಂದು ಕೈ ಮಾಡಿದರೂ ಪಟ್ಟಿ ನೋಡಿದೆ. ಬಷೀರಾ ತನ್ನ ತಮ್ಮ ಶಾಹನವಾಜನಿಗೆ ಹೇಳಿ ಗಾಡಿ ತರಿಸಿದಳು. ದಾರಿಯಲ್ಲಿ ನೀನು ನನ್ನನ್ನು ಅವ್ವಾ ಎಂದು ಎರಡು ಸಲ ಕರೆದೆ. ಜ್ವರದ್ದು, ಅದನ್ನು ಮಾತೆಂದು ನಾನು ಲೆಕ್ಕ ಹಿಡಿದಿಲ್ಲ.

ಪಟ್ಟಿಯ ಒಳಗೆ ಅರಿಶಿನ, ಎಣ್ಣೆ ಕಂಡೆ. ಯಾರೆಂದು ಕೇಳುವುದಿಲ್ಲ. ನಾನು ಊರಿಗೆ ಹೋಗಬಾರದಿತ್ತು.

ಡಾಕ್ಟರ್ ಹೇಳಿದ್ದನ್ನು ಅವರು ಹೇಳಿದ ಹಾಗೆಯೇ ಬರೆಯುತ್ತೇನೆ. ಗಾಯದೊಳಗೆ ಸೋಂಕು ಇಳಿದಿದೆ. ಇವತ್ತೇ ಮತ್ತೆ ತೆರೆದು ತೊಳೆಯಬೇಕು, ಕೀಲಿನ ನಡುವಿನ ಪ್ಲಾಸ್ಟಿಕ್ ಭಾಗ ಬದಲಿಸಬೇಕು. ಬೇಗ ತೊಳೆದರೆ ಕೀಲು ಉಳಿಯುವ ಸಂಭವ ಹೆಚ್ಚು, ಉಳಿದೇ ಉಳಿಯುತ್ತದೆ ಎಂದು ಬರೆದುಕೊಡಲಾರೆ ಎಂದರು. ಬರೀ ಔಷಧದ ಮೇಲೆ ಕಾದರೆ ಎಂದು ಕೇಳಿದೆ. ಕೀಲಿನ ಲೋಹಕ್ಕೆ ಹತ್ತಿಕೊಂಡರೆ ಪೂರ್ತಿ ತೆಗೆಯಬೇಕಾಗುತ್ತದೆ ಎಂದರು. ನಾನು ಕೇಳಿದ್ದು, ಅವರು ಹೇಳಿದ್ದು ಇಷ್ಟೇ. ಇದರಲ್ಲಿ ನನ್ನದು ಏನೂ ಸೇರಿಸಿಲ್ಲ.

ಕೆಳಗೆ ಭಂಕೂರದಿಂದ ಒಂದು ಟೆಂಪೋ ಬಂದಿದೆ. ಚಿಕ್ಕವ್ವ ಇದ್ದಾಳೆ. ಮುಧೋಳದವರೂ ನಾಲ್ಕು ಜನ. ಮೆಟ್ಟಿಲ ಹತ್ತಿರ ನನ್ನನ್ನು ಸುತ್ತುಗಟ್ಟಿದರು. ಒಂದು ಸಲ ಕೊಯ್ಸಿ ಈ ಗತಿ ಆತು, ಮತ್ತ ಕೊಯ್ಸಿದ್ರ ಹೆಣ ಒಯ್ತಿ, ಮನಿಗಿ ಕರ್ಕೊಂಡು ನಡಿ ಎನ್ನುತ್ತಿದ್ದಾರೆ. ಅವತ್ತು ಯಾರು ಎಲ್ಲಿ ನಿಂತಿದ್ದರೋ ಹೆಚ್ಚುಕಡಿಮೆ ಅಲ್ಲಿಯೇ ನಿಂತಿದ್ದಾರೆ. ನಾನು ಇಷ್ಟೇ ಹೇಳಿದೆ: "ಕಾಲು ಆಕೀದು ಅದ. ಆಕೀಗ ಕೇಳ್ತೀನಿ." ಆಕೆಗೇನು ತಿಳಿಯುತ್ತದೆ ಜ್ವರದಲ್ಲಿ ಎಂದರು. ಹೇಳಿದ್ದನ್ನೇ ಮತ್ತೆ ಹೇಳಿದೆ. ನಾಲ್ಕೈದು ಸಲ ಹೇಳಬೇಕಾಯಿತು. ಕಡೆಗೆ ಬೆವತು ಬಂದು ಈ ಬೆಂಚಿನ ಮೇಲೆ ಕುಳಿತೆ.

ಸಿಸ್ಟರ್ ಕಾಗದ ತಂದು ನನ್ನ ಮುಂದೆ ಹಿಡಿದರು. "ಪೇಷಂಟಿಗಿ ಯಾಕ ತ್ರಾಸ ಕೊಡ್ತೀರಿ, ತಮ್ಮ ಅದೀರಿ, ನೀವೇ ಹಾಕ್ರಿ," ಎಂದರು. ಎಚ್ಚರ ಇದೆಯೇ ಎಂದು ಕೇಳಿದೆ. ಇದೆ ಎಂದರು. ಹಾಗಾದರೆ ನಾನು ಹಾಕುವುದಿಲ್ಲ ಎಂದೆ.

ಆ ಕಾಗದ ಇದರ ಕೆಳಗೆ ಇದೆ, ಪೆನ್ನೂ ಇದೆ. ಓದು. ತಿಳಿಯದಿದ್ದರೆ ಡಾಕ್ಟರನ್ನು ಕರೆಸಿ ಮತ್ತೆ ಕೇಳು, ಅವರು ಇಲ್ಲಿಯೇ ಇದ್ದಾರೆ. ತೊಳೆಯಿರಿ ಎಂದರೆ ಮೆಟ್ಟಿಲ ಹತ್ತಿರ ಹೋಗಿ ನಾನು ಅವರನ್ನು ತಡೆಯುತ್ತೇನೆ. ಮನೆಗೆ ಹೋಗೋಣ ಎಂದರೆ ಈಗಲೇ ಒಳಗೆ ಬಂದು ಎತ್ತಿಕೊಂಡು ಹೋಗುತ್ತೇನೆ. ಯಾವುದಾದರೂ ಸರಿ, ನೀನು ಹೇಳಿದ್ದು ಆಗುತ್ತದೆ.

ಭೀಮಶ್ಯಾ


ಅದೇ ಪತ್ರದ ಬೆನ್ನಿಗೆ
24 ಫೆಬ್ರುವರಿ, ಮಧ್ಯಾಹ್ನ

ಭೀಮಶ್ಯಾ,

ಮಲಗಿಯೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ ಬಂದರೆ ಓದಿಕೋ.

ಡಾಕ್ಟರನ್ನು ಕರೆಸಿದೆ. ನೀನು ಬರೆದದ್ದು, ಅವರು ಹೇಳಿದ್ದು ಒಂದೇ. ತೊಳೆಯಲಿ. ಸಹಿ ಹಾಕಿದ್ದೇನೆ, ಪೂರ್ತಿ ಹೆಸರು. ಕೆಳಗೆ ಸಂಬಂಧಿಕರ ಸಹಿ ಎಂದು ಒಂದು ಸಾಲಿದೆ. ಅದರಲ್ಲಿ ನೀನು ಹಾಕು. ಈಗ ಹಾಕಬಹುದು.

ಅರಿಶಿನ ಚಿಕ್ಕವ್ವನದು. ನೀನು ಹೋದ ದಿನ ಭಂಕೂರದಿಂದ ಶಹಾಬಾದಕ್ಕೆ ಬಂದು ಪ್ಯಾಸೆಂಜರ್ ರೈಲು ಹಿಡಿದು ಒಬ್ಬಳೇ ಬಂದಿದ್ದಳು. ಬಷೀರಾ ಬಾಗಿಲಿಗೆ ಅಡ್ಡ ನಿಂತಳು. ಒಳಗೆ ಬಿಡು ಎಂದವಳು ನಾನು. ಪಟ್ಟಿ ಬಿಚ್ಚು ಎಂದಾಗ ಬೇಡ ಎಂದೆ. ಅವಳು ಅವ್ವನ ಹಾಗೆಯೇ ತಲೆ ಓರೆ ಮಾಡಿ ಅಳುತ್ತಾಳೆ, ನಿನಗೆ ಗೊತ್ತಿದೆ. ಎರಡನೇ ಸಲ ಬೇಡ ಎನ್ನಲು ಆಗಲಿಲ್ಲ. ಒಬ್ಬ ಮುದುಕಿಯನ್ನು ನನ್ನಿಂದ ತಡೆಯಲಾಗಲಿಲ್ಲ, ನಿನ್ನ ಮೇಲೆ ಅವತ್ತು ಎರಡು ಟೆಂಪೋ ಬಂದಿದ್ದವು. ಬಷೀರಾಳಿಂದ ಆಣೆ ಹಾಕಿಸಿ ಸುಮ್ಮನಿರಿಸಿದೆ. ಅವಳನ್ನು ಬೈಯಬೇಡ. ಚಿಕ್ಕವ್ವನನ್ನೂ.

ಕಾಲು ಆಕೀದು ಅದ, ಆಕೀಗ ಕೇಳ್ತೀನಿ ಎಂದು ಹೇಳಿದೆ ಎಂದು ಬರೆದಿದ್ದೀ. ಅದನ್ನು ಎರಡು ಸಲ ಓದಿದೆ. ಅವ್ವನಿಗೂ ಆ ದಿನ ಎಚ್ಚರವಿತ್ತು. ನೀನು ಬೇಡ ಎಂದೆ, ನಾನು ಬೇಕು ಎಂದು ಟೆಂಪೋದ ಹಿಂದೆ ಕೂಗುತ್ತ ಓಡಿದೆ. ಆಕೆ ನಮ್ಮಿಬ್ಬರ ಮುಖ ನೋಡುತ್ತಿದ್ದಳು. ಅವ್ವಾ, ನಿನಗೇನು ಬೇಕು ಎಂದು ನೀನು ಕೇಳಲಿಲ್ಲ. ನಾನೂ ಕೇಳಲಿಲ್ಲ.

ಈ ಕಾಲು ಉಳಿಯುತ್ತದೆ. ಉಳಿಯದಿದ್ದರೆ ಮತ್ತೆ ಮಾಡಿಸುತ್ತೇನೆ. ಇನ್ನೊಮ್ಮೆ ಮೊದಲಿನಿಂದ ಬಾಗಿಸಬೇಕು, ಇನ್ನೊಮ್ಮೆ ಕೂಗುತ್ತೇನೆ. ನೀನು ಊರಿಗೆ ಹೋಗುವುದು ತಡವಾಗುತ್ತದೆ, ರಮಾಬಾಯಿಗೆ ತಿಳಿಸು.

ಮೂರೂವರೆಗೆ ಒಳಗೆ ಒಯ್ಯುತ್ತಾರೆ ಅಂತೆ. ಅದಕ್ಕೆ ಮೊದಲು ಒಬ್ಬರನ್ನು ಬಿಡಿ ಎಂದು ಸಿಸ್ಟರಿಗೆ ಹೇಳಿದ್ದೇನೆ. ಯಾರನ್ನು ಎಂದು ಕೇಳಿದರು. ನಿನ್ನ ಹೆಸರು ಹೇಳಿದೆ. ಬಾ. ಬರೆಯುವ ಕಾಗದ, ಪೆನ್ನು ಬೆಂಚಿನ ಮೇಲೆಯೇ ಇಟ್ಟು ಬಾ.

ಅಕ್ಕ